ಹೂಗಳ ಕಣಿವೆಗೆ ಹೊರಟವರ ಜೇಬಿನಲ್ಲಿ ಕರ್ಪೂರ: ಮೂಸಿದರೆ ಆಮ್ಲಜನಕ ಏರುತ್ತದೆಯೇ?

ಮುಂಗಾರು ಶುರುವಾಗುತ್ತಿದ್ದಂತೆ ಟ್ರೆಕ್ಕಿಂಗ್ ಗುಂಪುಗಳಲ್ಲಿ, ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಸಂದೇಶಕ್ಕೆ ಮತ್ತೆ ಜೀವ ಬರುತ್ತದೆ. ಬದರಿ, ಕೇದಾರ, ಹೇಮಕುಂಡ, ಹೂಗಳ ಕಣಿವೆ, ಲಡಾಖ್, ಎಲ್ಲಿಗೇ ಹೋದರೂ ಜೇಬಿನಲ್ಲಿ ಸಣ್ಣದೊಂದು ಬಟ್ಟೆಗಂಟು ಇರಲಿ. ಅದರಲ್ಲಿ ಕರ್ಪೂರ, ನಾಲ್ಕು ಲವಂಗ, ಚಿಟಿಕೆ ಓಮ. ಉಸಿರು ಕಟ್ಟಿದಾಗ ಮೂಸಿ, ಆಮ್ಲಜನಕದ ಮಟ್ಟ ತಾನಾಗಿ ಏರುತ್ತದೆ ಎಂಬುದು ಅದರ ಸಾರ. ಈ ಗಂಟು ನಮಗೆ ಹಳೆಯ ಪರಿಚಯ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಆಸ್ಪತ್ರೆಗಳಲ್ಲಿ ಆಮ್ಲಜನಕಕ್ಕೆ ಹಾಹಾಕಾರ ಎದ್ದಾಗ ಇದೇ ಗಂಟು ದೇಶದ ಎಲ್ಲ ಭಾಷೆಗಳಲ್ಲೂ ಓಡಾಡಿತ್ತು. ಆಗ ಅದು ಸುಳ್ಳೆಂದು ವೈದ್ಯರು ಹೇಳಿದ್ದರು. ಈಗ ಅದು ಬೆಟ್ಟ ಹತ್ತಿದೆ.

ಚಿಕ್ಕ ಉತ್ತರ ಬೇಕಾದವರಿಗೆ: ಏರುವುದಿಲ್ಲ. ಕರ್ಪೂರದ ವಾಸನೆಗೆ ರಕ್ತದಲ್ಲಿನ ಆಮ್ಲಜನಕ ಹೆಚ್ಚಿಸುವ ಶಕ್ತಿ ಇಲ್ಲ. ‘ಇದ್ದರೆ ಇರಲಿ ಬಿಡಿ, ನಷ್ಟವೇನು?’ ಎಂದು ಕೇಳುವವರಿದ್ದಾರೆ. ನಷ್ಟ ಕರ್ಪೂರದಲ್ಲಿಲ್ಲ. ತಲೆನೋವು, ವಾಕರಿಕೆ ಶುರುವಾದ ಮನುಷ್ಯ ಅದನ್ನು ಮೂಸಿ, ಸ್ವಲ್ಪ ಹಾಯೆನಿಸಿತು ಎಂದು ಇನ್ನೂ ಮೇಲಕ್ಕೆ ನಡೆಯುತ್ತಾನಲ್ಲ, ಅಲ್ಲಿದೆ. ಎತ್ತರದ ಕಾಯಿಲೆಯಲ್ಲಿ ಜೀವ ಉಳಿಸುವ ಉಪಾಯ ಕೆಳಗಿಳಿಯುವುದು. ಅದನ್ನು ಮುಂದೂಡಿಸುವ ಯಾವುದೇ ಸಲಹೆ, ಎಷ್ಟೇ ನಿರುಪದ್ರವಿಯಾಗಿ ಕಂಡರೂ, ಅಪಾಯಕಾರಿ.

ಎಲ್ಲಿದೆ ಈ ಕಣಿವೆ?

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಬದರಿನಾಥಕ್ಕೆ ಹೋಗುವ ಹೆದ್ದಾರಿಯ ಬಲಕ್ಕೆ ಭ್ಯೂಂಡಾರ್ ಎಂಬ ಕಣಿವೆ ತೆರೆದುಕೊಳ್ಳುತ್ತದೆ. ಅದರ ಮೇಲ್ಭಾಗದಲ್ಲಿ ಪುಷ್ಪಾವತಿ ನದಿ ಹರಿಯುವ ಜಾಗವೇ ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನ. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ವಿಸ್ತೀರ್ಣ 87.5 ಚದರ ಕಿ.ಮೀ. ಪಕ್ಕದ ನಂದಾದೇವಿ ಉದ್ಯಾನ 1988ರಲ್ಲೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. 2005ರಲ್ಲಿ ಇದನ್ನೂ ಅದರ ಜೊತೆ ಸೇರಿಸಿದರು. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಮರಳುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈತ್ ಮಳೆಯಲ್ಲಿ ಇಲ್ಲಿಗೆ ಇಳಿದ. 1937ರಲ್ಲಿ ಮತ್ತೆ ಬಂದು ಗಿಡ ಸಂಗ್ರಹಿಸಿ, ಮರುವರ್ಷ ಪುಸ್ತಕ ಬರೆದ. ಆ ಪುಸ್ತಕದ ಹೆಸರೇ ಕಣಿವೆಗೂ ನಿಂತಿತು. ‘ಸ್ಮೈತ್ ಕಂಡುಹಿಡಿದ ಕಣಿವೆ’ ಎಂಬ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ಅವನಿಗಿಂತ ಎಷ್ಟೋ ಮೊದಲಿನಿಂದ ಭ್ಯೂಂಡಾರಿನವರು ಇಲ್ಲಿ ಕುರಿ ಮೇಯಿಸುತ್ತಿದ್ದರು.

ಹೋಗುವ ದಾರಿ ಹೀಗೆ: ಹೃಷಿಕೇಶದಿಂದ ಇಡೀ ದಿನದ ಪಯಣ ಮಾಡಿ ಜೋಶಿಮಠ ಅಥವಾ ಗೋವಿಂದಘಾಟ್. ಅಲ್ಲಿಂದ ಪುಲ್ನಾವರೆಗೆ ಜೀಪು. ಆಮೇಲೆ ಸುಮಾರು 10 ಕಿ.ಮೀ. ಏರುದಾರಿಯಲ್ಲಿ ನಡೆದು ಘಾಂಘರಿಯಾ ಎಂಬ ಸಣ್ಣ ಊರು. ಘಾಂಘರಿಯಾದಿಂದ ದಾರಿ ಎರಡಾಗುತ್ತದೆ. ಎಡಕ್ಕೆ ಹೂಗಳ ಕಣಿವೆ, ಬಲಕ್ಕೆ ಕಡಿದಾದ ಏರಿನಲ್ಲಿ ಸಿಖ್ಖರ ಹೇಮಕುಂಡ ಸಾಹಿಬ್. ಉದ್ಯಾನ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಒಳಗೆ ಟೆಂಟ್ ಹಾಕುವಂತಿಲ್ಲ, ರಾತ್ರಿ ಉಳಿಯುವಂತಿಲ್ಲ. ಬೆಳಗ್ಗೆ ಪರವಾನಗಿ ಪಡೆದು ಹೋಗಿ ಸಂಜೆಯೊಳಗೆ ಹೊರಬರಬೇಕು. ಕಣಿವೆಯೊಳಗೆ ನಡೆಯುವುದು, ನೋಡುವುದು ಬಿಟ್ಟರೆ ಬೇರೆ ಚಟುವಟಿಕೆ ಇಲ್ಲ. ಅದೇ ಅದರ ಸೊಗಸು.

ಎತ್ತರದ ಲೆಕ್ಕ ಮಾತ್ರ ಗಮನವಿಟ್ಟು ನೋಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಘಾಂಘರಿಯಾ ಸುಮಾರು 3,050 ಮೀಟರ್, ಹೇಮಕುಂಡ 4,300 ಮೀಟರ್‌ಗೂ ಹೆಚ್ಚು. ಬೆಂಗಳೂರಿನಿಂದ ಡೆಹ್ರಾಡೂನಿಗೆ ವಿಮಾನದಲ್ಲಿ ಹೋದವರು ನಾಲ್ಕನೇ ದಿನಕ್ಕೆ ಹೇಮಕುಂಡದಲ್ಲಿರುತ್ತಾರೆ.

ಮೇಲೆ ಹೋದಂತೆ ಆಮ್ಲಜನಕ ಎಲ್ಲಿ ಹೋಗುತ್ತದೆ?

‘ಬೆಟ್ಟದ ಮೇಲೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇ 10ಕ್ಕೆ ಇಳಿಯುತ್ತದೆ’ ಎಂಬ ಸಾಲು ಹಲವು ಸಂದೇಶಗಳಲ್ಲಿ ಇರುತ್ತದೆ. ಇದು ಅರ್ಧ ಸತ್ಯ. ಸಮುದ್ರದ ದಂಡೆಯಲ್ಲಾಗಲಿ, ಎವರೆಸ್ಟ್ ತುದಿಯಲ್ಲಾಗಲಿ ಒಣಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21ರಷ್ಟೇ ಇರುತ್ತದೆ. ಬದಲಾಗುವುದು ಗಾಳಿಯ ಒತ್ತಡ. ನಮ್ಮ ತಲೆಯ ಮೇಲಿರುವ ಗಾಳಿಯ ಭಾರವೇ ಕೆಳಗಿನ ಗಾಳಿಯನ್ನು ಒತ್ತಿ ದಟ್ಟವಾಗಿಡುತ್ತದೆ. ಹತ್ತಿ ತುಂಬಿದ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಡಿಯದು ಹೆಚ್ಚು ಅಮುಕಿಕೊಂಡಿರುತ್ತದೆ, ಮೇಲಿನದು ಸಡಿಲವಾಗಿರುತ್ತದೆ. ಹಾಗೆ. ಸಮುದ್ರ ಮಟ್ಟದ ಒತ್ತಡವನ್ನು 100 ಎಂದುಕೊಂಡರೆ ಬೆಂಗಳೂರಿನಲ್ಲಿ ಸುಮಾರು 90, ಘಾಂಘರಿಯಾದಲ್ಲಿ 69, ಹೇಮಕುಂಡದಲ್ಲಿ 60ರ ಆಸುಪಾಸು. ಅಂದರೆ ಹೇಮಕುಂಡದಲ್ಲಿ ನೀವು ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲೂ ಬೆಂಗಳೂರಿನ ಉಸಿರಿನ ಮೂರನೇ ಎರಡರಷ್ಟೇ ಆಮ್ಲಜನಕ ಇರುತ್ತದೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಮೊದಲು ಉಸಿರಾಟದ ವೇಗ ಹೆಚ್ಚುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ. ಒಂದೆರಡು ದಿನಗಳಲ್ಲಿ ಮೂತ್ರಪಿಂಡಗಳು ರಕ್ತದ ಆಮ್ಲೀಯತೆಯನ್ನು ಸರಿದೂಗಿಸಿ ಇನ್ನಷ್ಟು ಆಳವಾಗಿ ಉಸಿರಾಡಲು ಅನುವು ಮಾಡುತ್ತವೆ. ಕೆಂಪು ರಕ್ತಕಣಗಳು ಹೆಚ್ಚುವುದಕ್ಕೆ ವಾರಗಳೇ ಬೇಕು. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ತೊಂದರೆ ಕಾಣಿಸಿಕೊಳ್ಳುತ್ತದೆ.

ಹಾಗಿದ್ದರೆ ಕರ್ಪೂರ ಮೂಸಿದಾಗ ಹಾಯೆನಿಸುವುದೇಕೆ?

ಕರ್ಪೂರದ ಅಣುವಿನಲ್ಲಿ 10 ಇಂಗಾಲ, 16 ಜಲಜನಕ ಮತ್ತು ಒಂದೇ ಒಂದು ಆಮ್ಲಜನಕದ ಪರಮಾಣು ಇರುತ್ತವೆ. ಆ ಒಂದು ಪರಮಾಣುವೂ ಅಣುವಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ; ಶ್ವಾಸಕೋಶದೊಳಗೆ ಬಿಡಿಸಿಕೊಂಡು ರಕ್ತಕ್ಕೆ ಸೇರುವುದಿಲ್ಲ. ಆರತಿಯಲ್ಲಿ ಕರ್ಪೂರ ಉರಿಯುವಾಗಲೂ ಅದು ಸುತ್ತಲಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆಯೇ ಹೊರತು ಕೊಡುವುದಿಲ್ಲ.

ಹಾಯೆನಿಸುವುದು ನಿಜ. ಮೂಗಿನೊಳಗೆ ತಂಪನ್ನು ಗುರುತಿಸುವ ನರತುದಿಗಳಿವೆ. ಕರ್ಪೂರ, ಪುದೀನದ ಮೆಂತಾಲ್, ನೀಲಗಿರಿ ಎಣ್ಣೆ ಅವನ್ನು ಕೆಣಕುತ್ತವೆ. ಮಿದುಳು ಅದನ್ನು ‘ಗಾಳಿ ಚೆನ್ನಾಗಿ ಒಳಗೆ ಬರುತ್ತಿದೆ’ ಎಂದು ಓದಿಕೊಳ್ಳುತ್ತದೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಮೂರನ್ನೂ ಮೂಸಲು ಕೊಟ್ಟು ಮೂಗಿನ ಗಾಳಿಹರಿವನ್ನು ಅಳೆದರು. ಮೂಗು ತೆರೆದಂತಾಯಿತು ಎಂದು ಜನ ಹೇಳಿದರು. ಅಳತೆಯಲ್ಲಿ ಮಾತ್ರ ಮೂಗಿನ ತಡೆ ಬದಲಾಗಿರಲಿಲ್ಲ.

ಇನ್ನು ಆಕ್ಸಿಮೀಟರ್ ಹಿಡಿದು ಮಾಡಿದ ವಿಡಿಯೊಗಳ ವಿಷಯ. ಬೆರಳಿಗೆ ಸಾಧನ ಸಿಕ್ಕಿಸಿ, ಗಂಟನ್ನು ಮೂಗಿಗೆ ಹಿಡಿದು ನಾಲ್ಕೈದು ಬಾರಿ ದೀರ್ಘವಾಗಿ ಮೂಸಿದರೆ 86 ಇದ್ದದ್ದು 90 ಆಗಬಹುದು. ಮೋಸವೇ ಇಲ್ಲದೆ ಹಾಗಾಗಬಹುದು. ಆದರೆ ಅದು ಕರ್ಪೂರದ ಕೆಲಸವಲ್ಲ, ದೀರ್ಘ ಉಸಿರಿನ ಕೆಲಸ. ಎತ್ತರದಲ್ಲಿ ಯಾರೇ ಆಳವಾಗಿ ಐದಾರು ಬಾರಿ ಉಸಿರೆಳೆದರೂ ಸಂಖ್ಯೆ ತುಸು ಹೊತ್ತು ಏರುತ್ತದೆ, ಮಾಮೂಲಿ ಉಸಿರಿಗೆ ಮರಳಿದೊಡನೆ ಇಳಿಯುತ್ತದೆ. ಗಂಟು ಪಕ್ಕಕ್ಕಿಟ್ಟು ಅದೇ ರೀತಿ ಉಸಿರೆಳೆದು ನೋಡಿ, ಗೊತ್ತಾಗುತ್ತದೆ.

ಒಂದು ಎಚ್ಚರಿಕೆ: ಕರ್ಪೂರ ನುಂಗಿದರೆ ವಿಷ. ಮಕ್ಕಳಲ್ಲಿ ಅಲ್ಪ ಪ್ರಮಾಣವೂ ಫಿಟ್ಸ್ ತರಬಲ್ಲದು. ಮಕ್ಕಳ ಕೊರಳಿಗೆ ಈ ಗಂಟು ಕಟ್ಟಿ ಕರೆದೊಯ್ಯಬೇಡಿ.

‘ನಾನು ದಿನಾ ಜಿಮ್‌ಗೆ ಹೋಗ್ತೀನಿ, ನನಗೇನೂ ಆಗಲ್ಲ’

ಇದು ಫಾರ್ವರ್ಡ್ ಅಲ್ಲ, ಬಾಯಿಮಾತಿನ ನಂಬಿಕೆ. ನಮ್ಮ ಅಭಿಪ್ರಾಯದಲ್ಲಿ ಕರ್ಪೂರಕ್ಕಿಂತ ಹೆಚ್ಚು ಹಾನಿ ಮಾಡುವುದು ಇದೇ. ಭಾರತೀಯ ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ, ಇಂದಿಗೂ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ವರದಿಯೊಂದಿದೆ. ಹಿಮಾಲಯದ ಎತ್ತರದ ನೆಲೆಗಳಲ್ಲಿ ಎತ್ತರದ ಕಾಯಿಲೆಗೆ ತುತ್ತಾದ 1,925 ಸೈನಿಕರ ಬಗ್ಗೆ ಅದು ಹೇಳುತ್ತದೆ. ಸೈನಿಕರಿಗಿಂತ ಫಿಟ್ ಇರುವವರನ್ನು ಎಲ್ಲಿಂದ ತರುವುದು? ದೇಹದ ಬಲ ಈ ಕಾಯಿಲೆಯನ್ನು ತಡೆಯುವುದಿಲ್ಲ; ನಿಧಾನವಾಗಿ ಏರುವುದು ತಡೆಯುತ್ತದೆ. ಬಲ ಇದ್ದವರು ಬೇಗ ಬೇಗ ಮೇಲೇರಿಬಿಡುವುದರಿಂದ ಒಮ್ಮೊಮ್ಮೆ ಅವರೇ ಮೊದಲು ಮಲಗುತ್ತಾರೆ.

ಕುಮಾರಪರ್ವತ, ಮುಳ್ಳಯ್ಯನಗಿರಿ ಹತ್ತಿ ಅಭ್ಯಾಸ ಮಾಡಿಕೊಳ್ಳುವುದು ಕಾಲಿಗೆ, ಹೃದಯಕ್ಕೆ ಒಳ್ಳೆಯದೇ. ಆದರೆ ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಎತ್ತರದ ಕಾಯಿಲೆ ಶುರುವಾಗುವ ಗೆರೆ ಅದಕ್ಕೂ ಐದಾರುನೂರು ಮೀಟರ್ ಮೇಲಿದೆ. ಅಂದರೆ ನಮ್ಮ ರಾಜ್ಯದ ಯಾವ ಬೆಟ್ಟವೂ ಈ ಪರೀಕ್ಷೆಗೆ ತಯಾರಿ ಕೊಡುವುದಿಲ್ಲ. ಹಿಂದಿನ ವರ್ಷ ಹೋದಾಗ ಏನೂ ಆಗಿರಲಿಲ್ಲ ಎಂಬುದೂ ಪೂರ್ತಿ ಖಾತರಿಯಲ್ಲ.

ಗೋವಿಂದಘಾಟ್ ಕಡೆಯಿಂದ ಘಾಂಘರಿಯಾಕ್ಕೆ ಹೆಲಿಕಾಪ್ಟರ್ ಉಂಟು. ಮಂಡಿ ನೋವಿನವರಿಗೆ ಅದು ವರ. ಆದರೆ ಉಳಿಯುವುದು ನಡಿಗೆಯಷ್ಟೇ, ದೇಹ ಹೊಂದಿಕೊಳ್ಳಬೇಕಾದ ಸಮಯವಲ್ಲ. ಹಾರಿ ಹೋದವರು ಮರುದಿನವೇ ಹೇಮಕುಂಡ ಹತ್ತದಿರುವುದು ಒಳಿತು.

ಯಾವಾಗ ಕೆಳಗಿಳಿಯಬೇಕು?

ಎತ್ತರಕ್ಕೆ ಹೋದ 6ರಿಂದ 12 ಗಂಟೆಗಳಲ್ಲಿ ತಲೆನೋವು, ಜೊತೆಗೆ ವಾಕರಿಕೆ, ಊಟ ಬೇಡವೆನಿಸುವುದು, ತಲೆಸುತ್ತು, ವಿಪರೀತ ಆಯಾಸ ಇವುಗಳಲ್ಲಿ ಒಂದಾದರೂ ಇದ್ದರೆ ಅದನ್ನು ಮೌಂಟನ್ ಸಿಕ್‌ನೆಸ್ ಎಂದೇ ಎಣಿಸಬೇಕು. ‘ಬಸ್ಸಿನ ಪ್ರಯಾಣದ್ದು’, ‘ಪರೋಟ ಜೀರ್ಣ ಆಗಿಲ್ಲ’ ಎಂದು ಸಮಾಧಾನ ಹೇಳಿಕೊಳ್ಳುವುದೇ ಹೆಚ್ಚು. ಈ ಹಂತದಲ್ಲಿ ಇದ್ದ ಜಾಗದಲ್ಲೇ ವಿಶ್ರಾಂತಿ ಪಡೆದರೆ ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. (ಕರ್ಪೂರ ಮೂಸಿ ಮಲಗಿದವರಿಗೂ ಸರಿಹೋಗುತ್ತದೆ. ಮರುದಿನ ಹೊಗಳಿಕೆ ಯಾರಿಗೆ ಸಲ್ಲುತ್ತದೆಂದು ಬೇರೆ ಹೇಳಬೇಕಿಲ್ಲ.) ಸರಿಹೋಗುವವರೆಗೆ ಒಂದು ಹೆಜ್ಜೆಯೂ ಮೇಲಕ್ಕೆ ಇಡಬಾರದು.

ಎರಡು ಸ್ಥಿತಿಗಳಲ್ಲಿ ಕಾಯುವಂತೆಯೇ ಇಲ್ಲ. ಒಂದು, ಮಿದುಳು ಊದಿಕೊಳ್ಳುವುದು. ಮಾತು ತೊದಲುತ್ತದೆ, ಗೊಂದಲವಾಗುತ್ತದೆ, ಕುಡಿದವರಂತೆ ತೂರಾಡುತ್ತಾರೆ. ಅನುಮಾನ ಬಂದರೆ ನೆಲದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗುವಂತೆ ನಡೆಯಲು ಹೇಳಿ. ಆಗದಿದ್ದರೆ ತುರ್ತು ಎಂದೇ ತಿಳಿಯಿರಿ. ಎರಡು, ಶ್ವಾಸಕೋಶದಲ್ಲಿ ನೀರು ತುಂಬುವುದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ, ಕಡೆಗೆ ಗುಲಾಬಿ ಬಣ್ಣದ ನೊರೆಕಫ. ಎತ್ತರದ ಕಾಯಿಲೆಯಿಂದ ಆಗುವ ಸಾವುಗಳಲ್ಲಿ ಹೆಚ್ಚಿನವು ಇದರಿಂದಲೇ. ಇದು ಸಾಮಾನ್ಯವಾಗಿ ಎರಡನೇ ರಾತ್ರಿ ಅಥವಾ ಅನಂತರ ಬರುವುದರಿಂದ ‘ಮೊದಲ ದಿನ ಏನೂ ಆಗಲಿಲ್ಲವಲ್ಲ’ ಎಂದು ಜನ ಮೈಮರೆತಿರುತ್ತಾರೆ. ಈ ಎರಡರಲ್ಲಿ ಯಾವುದೇ ಲಕ್ಷಣ ಕಂಡರೂ, ರಾತ್ರಿಯಾಗಿದ್ದರೂ, ರೋಗಿಯನ್ನು ಒಬ್ಬಂಟಿಯಾಗಿ ಬಿಡದೆ ಕೆಳಗೆ ಕರೆದೊಯ್ಯುವ ವ್ಯವಸ್ಥೆ ಆಗಬೇಕು. ಆಮ್ಲಜನಕ, ವೈದ್ಯರು ಸಿಕ್ಕಿದರೆ ಅದರ ಜೊತೆಜೊತೆಗೆ.

ಈ ವಿಷಯದಲ್ಲಿ ಘಾಂಘರಿಯಾಕ್ಕೆ ಬಂದವರು ಅದೃಷ್ಟವಂತರು. ಮುನ್ನೂರರಿಂದ ಸಾವಿರ ಮೀಟರ್ ಇಳಿದರೆ ಸಾಕು, ಬಹುತೇಕ ರೋಗಿಗಳು ಚೇತರಿಸಿಕೊಳ್ಳತೊಡಗುತ್ತಾರೆ. ಘಾಂಘರಿಯಾದಿಂದ ಗೋವಿಂದಘಾಟ್‌ಗೆ ಇಳಿದರೆ ಸುಮಾರು 1,200 ಮೀಟರ್ ಇಳಿದಂತೆ. ದಾರಿ ಸ್ಪಷ್ಟವಾಗಿದೆ, ಹೇಸರಗತ್ತೆ, ಪಲ್ಲಕ್ಕಿ, ಬೆನ್ನ ಮೇಲೆ ಹೊರುವ ಕಂಡಿ ಸಿಗುತ್ತವೆ. ನಡೆಯಲಾಗದ ರೋಗಿಯನ್ನು ನಡೆಸಬೇಡಿ, ಹೊರಿಸಿ.

ಇನ್ನುಳಿದ ಸಲಹೆಗಳನ್ನು ಬೇಗ ನೋಡಿಬಿಡೋಣ. ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಹಗುರ ಡಬ್ಬಿಯಲ್ಲಿ 10 ಲೀಟರ್ ಇದೆ ಎಂದುಕೊಂಡರೂ, ನಿಮಿಷಕ್ಕೆ 2 ಲೀಟರ್‌ನಂತೆ ಐದು ನಿಮಿಷದಲ್ಲಿ ಖಾಲಿ. ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ಬಂದರೆ ಅಪಾಯ ಎಂಬ ಕೋವಿಡ್ ಕಾಲದ ಸೂತ್ರ ಇಲ್ಲಿ ಹೊಂದುವುದಿಲ್ಲ. ಘಾಂಘರಿಯಾದಲ್ಲಿ 90ರ ಆಸುಪಾಸು, ಹೇಮಕುಂಡದಲ್ಲಿ 80ರ ಮೇಲಿನ ಅಂಕಿಗಳು ಆರೋಗ್ಯವಂತರಲ್ಲೂ ಸಾಮಾನ್ಯ. ಬೆರಳು ತಣ್ಣಗಿದ್ದರೆ ಸಾಧನ ತಪ್ಪು ತೋರಿಸುತ್ತದೆ. ಸಂಖ್ಯೆಗಿಂತ ಮನುಷ್ಯನನ್ನು ನೋಡಿ. ಬ್ರಾಂದಿ ಮೈ ಬೆಚ್ಚಗಾಗಿಸುವುದಿಲ್ಲ. ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ, ನಿದ್ದೆಯಲ್ಲಿ ಉಸಿರಾಟವನ್ನೂ ಕುಗ್ಗಿಸುತ್ತದೆ. ಬೆಳ್ಳುಳ್ಳಿ ಸೂಪು ರುಚಿಯಾಗಿದ್ದರೆ ಕುಡಿಯಿರಿ, ಔಷಧಿ ಅಂತ ಬೇಡ. ಅಸೆಟಜೋಲಮೈಡ್ ಎಂಬ ಮಾತ್ರೆ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. ದೇಹ ಎತ್ತರಕ್ಕೆ ಹೊಂದಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ. ಆದರೆ ಅದನ್ನು ಏರುವ ಮುಂಚಿನ ದಿನದಿಂದಲೇ ಶುರು ಮಾಡಬೇಕಾಗುತ್ತದೆ, ಎಲ್ಲರಿಗೂ ಆಗಿಬರುವುದಿಲ್ಲ. ಆದ್ದರಿಂದ ಡೋಸನ್ನು ನಾವು ಇಲ್ಲಿ ಬರೆಯುತ್ತಿಲ್ಲ, ಊರು ಬಿಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವುದಂತೂ ಬೇಡವೇ ಬೇಡ. ಅದರ ವಿಷಾನಿಲದಿಂದ ಬರುವ ತಲೆನೋವು ಎತ್ತರದ ತಲೆನೋವಿನಂತೆಯೇ ಇರುತ್ತದೆ, ಕೊಲ್ಲುವುದು ಇನ್ನೂ ಬೇಗ.

ದಿನಗಳ ಜೋಡಣೆಯಲ್ಲೂ ಒಂದು ಸುಲಭ ಉಪಾಯವಿದೆ. ಘಾಂಘರಿಯಾ ತಲುಪಿದ ಮರುದಿನ ಹೇಮಕುಂಡಕ್ಕೆ ಓಡದೆ ಮೊದಲು ಹೂಗಳ ಕಣಿವೆಗೆ ಹೋಗಿ. ಅಲ್ಲಿ ಏರು ಕಡಿಮೆ. ದೇಹಕ್ಕೆ ಒಂದು ದಿನ ಸಿಗುತ್ತದೆ. ಹೇಮಕುಂಡ ಅದರ ಮರುದಿನ. ಅಲ್ಲಿ ರಾತ್ರಿ ಉಳಿಯಲು ಅವಕಾಶವಿಲ್ಲ, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಇಳಿಯಲೇಬೇಕು. ಎತ್ತರಕ್ಕೆ ಹೋಗಿ ತಗ್ಗಿನಲ್ಲಿ ಮಲಗುವುದು ಪರ್ವತಾರೋಹಿಗಳ ಹಳೆಯ ಕ್ರಮವೂ ಹೌದು. ಮಳೆಗಾಲದಲ್ಲಿ ಭೂಕುಸಿತದಿಂದ ಬದರಿ ಹೆದ್ದಾರಿ ಮುಚ್ಚುವುದು ಮಾಮೂಲು. ಕಳೆದುಹೋದ ದಿನವನ್ನು ಸರಿದೂಗಿಸಲು ವಿಶ್ರಾಂತಿಯ ದಿನವನ್ನು ಕತ್ತರಿಸುವುದೇ ಹಲವು ತೊಂದರೆಗಳ ಮೂಲ. ಹೆಚ್ಚುವರಿ ಎರಡು ದಿನ ಇಟ್ಟುಕೊಂಡೇ ಟಿಕೆಟ್ ಮಾಡಿಸಿ.

ಚಳಿಯನ್ನೂ ಮರೆಯಬಾರದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಮಂದಿ ಪ್ರಾಣ ಕಳೆದುಕೊಂಡರು. ಅದು ಈ ಉದ್ಯಾನದಲ್ಲಿ ನಡೆದದ್ದಲ್ಲ. ಆದರೆ ಜೂನ್ ಎಂದರೆ ಬೇಸಿಗೆ ಎಂಬ ಲೆಕ್ಕ ನಾಲ್ಕು ಸಾವಿರ ಮೀಟರ್ ಮೇಲೆ ನಡೆಯುವುದಿಲ್ಲ. ಒದ್ದೆ ಜೀನ್ಸ್ ಮತ್ತು ಗಾಳಿ ಸೇರಿದರೆ ಹಿಮವೇ ಬೇಕಿಲ್ಲ, ಮಳೆಯಲ್ಲೇ ದೇಹದ ಶಾಖ ಇಳಿದುಹೋಗುತ್ತದೆ. ಮಳೆಯಂಗಿ, ಒಂದು ಜೊತೆ ಒಣಬಟ್ಟೆ ಹೇಮಕುಂಡದ ದಾರಿಯಲ್ಲಿ ಬೆನ್ನಚೀಲದಲ್ಲೇ ಇರಲಿ, ಹೋಟೆಲಿನಲ್ಲಲ್ಲ.

‘ಹೂವಿನ ಪರಿಮಳಕ್ಕೆ ಮೂರ್ಛೆ ಬರುತ್ತದೆ’

ಕಣಿವೆಯ ಬಗ್ಗೆ ಹರಿದಾಡುವ ಇನ್ನೊಂದು ಮಾತು ಇದು: ಅಲ್ಲಿನ ಹೂಗಳ ಪರಿಮಳಕ್ಕೆ ತಲೆಸುತ್ತು ಬರುತ್ತದೆ, ಬಹಳ ಹೊತ್ತು ಕೂತರೆ ಎಚ್ಚರ ತಪ್ಪುತ್ತದೆ. ಈ ನಂಬಿಕೆಗೆ ಇತಿಹಾಸವಿದೆ. 19ನೇ ಶತಮಾನದಲ್ಲಿ ಹಿಮಾಲಯ ಸುತ್ತಿದ ಯುರೋಪಿಯನ್ನರು ಗುಡ್ಡಗಾಡಿನ ಜನರ ಬಾಯಲ್ಲಿ ‘ಬಿಸ್ ಕಿ ಹವಾ’, ಅಂದರೆ ವಿಷದ ಗಾಳಿ, ಎಂಬ ಮಾತು ಕೇಳಿ ಬರೆದಿಟ್ಟಿದ್ದಾರೆ. ಎತ್ತರದ ಕಣಿವೆದಾರಿಗಳಲ್ಲಿ ತಲೆ ಸಿಡಿಯುವುದಕ್ಕೆ, ಉಸಿರು ಸಾಲದಿರುವುದಕ್ಕೆ ಅಲ್ಲಿ ಬೆಳೆಯುವ ಗಿಡ, ಹೂಗಳ ವಾಸನೆಯೇ ಕಾರಣ ಎಂದು ಆ ಜನ ತಿಳಿದಿದ್ದರು.

ಅವರನ್ನು ನೋಡಿ ನಗಬೇಕಿಲ್ಲ. ಅವರ ಗಮನಿಕೆ ಸರಿಯಾಗಿಯೇ ಇತ್ತು. ಮರಗಳು ಮುಗಿದು ಹೂಗಳ ಹುಲ್ಲುಗಾವಲು ಶುರುವಾಗುವ ಎತ್ತರವೂ, ತಲೆನೋವು ಶುರುವಾಗುವ ಎತ್ತರವೂ ಹೆಚ್ಚುಕಡಿಮೆ ಒಂದೇ. ಎರಡೂ ಒಟ್ಟಿಗೆ ಕಂಡಾಗ ಒಂದನ್ನು ಇನ್ನೊಂದಕ್ಕೆ ಕಾರಣ ಎನ್ನುವುದು ಸಹಜ. ಗಾಳಿಯ ಒತ್ತಡ ಕಣ್ಣಿಗೆ ಕಾಣುವುದಿಲ್ಲ, ಹೂವು ಕಾಣುತ್ತದೆ. ಆ ಕಾಲದಲ್ಲಿ ವಾಸನೆಯಿಂದ ಬಂದ ಕಾಯಿಲೆ, ಈಗಿನ ಫಾರ್ವರ್ಡ್‌ನಲ್ಲಿ ವಾಸನೆಯಿಂದಲೇ ಹೋಗುತ್ತದೆ. ಅಷ್ಟೇ ವ್ಯತ್ಯಾಸ.

ಹನ್ನೆರಡು ವರ್ಷಕ್ಕೊಮ್ಮೆ ಅಲ್ಲ, ಪ್ರತಿ ವರ್ಷ

‘ಈ ವರ್ಷ ಬಿಟ್ಟರೆ ಮತ್ತೆ 12 ವರ್ಷ ಕಾಯಬೇಕು’ ಎಂಬ ಒಕ್ಕಣೆಯನ್ನು ಈ ಕಣಿವೆಗೆ ಅಂಟಿಸಿದ್ದನ್ನು ಕಂಡರೆ ನಂಬಬೇಡಿ. ಅದು ಪಶ್ಚಿಮ ಘಟ್ಟದ ನೀಲಕುರಿಂಜಿಯ ಲೆಕ್ಕ. ಹೂಗಳ ಕಣಿವೆ ಪ್ರತಿ ವರ್ಷ ಅರಳುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬಣ್ಣ ಹೆಚ್ಚು. 500ಕ್ಕೂ ಮಿಕ್ಕಿ ಜಾತಿಯ ಸಸ್ಯಗಳಿವೆ, ಎಲ್ಲವೂ ಒಟ್ಟಿಗೆ ಅರಳುವುದಿಲ್ಲ. ವಾರಕ್ಕೊಂದು ಬಗೆ ಮುಂದೆ ಬಂದು ಇನ್ನೊಂದು ಹಿಂದೆ ಸರಿಯುತ್ತದೆ. ಇಳಿಜಾರುಗಳನ್ನು ಗುಲಾಬಿ ಬಣ್ಣದಲ್ಲಿ ಮುಚ್ಚುವ ಎತ್ತರದ ಗಿಡವೊಂದು ನಮ್ಮ ಮಲೆನಾಡಿನ ಕರ್ಣಕುಂಡಲದ ನೆಂಟ, ಅದೇ ಬಾಲ್ಸಮ್ ಕುಲದ್ದು. ಬಂಡೆಗಳ ಸಂದಿಯಲ್ಲಿ ನೀಲಿ ಗಸಗಸೆ ಹೂವು ಅಲ್ಲಲ್ಲಿ ಒಂಟಿಯಾಗಿ ನಿಂತಿರುತ್ತದೆ. ಕಣಿವೆಯದೆಂದು ಬರುವ ಚಿತ್ರದಲ್ಲಿ ಹೂಗಳು ನೇರ ಸಾಲುಗಳಲ್ಲಿದ್ದರೆ ಅದು ಯಾವುದೋ ಹೊಲ. ಕಾಡುಹೂವು ಸಾಲು ಹಿಡಿಯುವುದಿಲ್ಲ.

ಕೊನೆಗೆ, ಕನ್ನಡಿಗರಿಗೆಂದೇ ಒಂದು ಗೊಂದಲ: ಬ್ರಹ್ಮಕಮಲ. ಮಳೆಗಾಲದ ರಾತ್ರಿ ನಮ್ಮ ಮನೆಗಳ ಕುಂಡದಲ್ಲಿ ಅರಳಿ, ಅಕ್ಕಪಕ್ಕದವರನ್ನೆಲ್ಲ ಕರೆದು ಪೂಜೆ ಮಾಡಿ, ಬೆಳಗಾಗುವಷ್ಟರಲ್ಲಿ ಬಾಡುವ ಬಿಳಿ ಹೂವು ಹಿಮಾಲಯದ್ದಲ್ಲ. ಅದು ಮೆಕ್ಸಿಕೊ, ಮಧ್ಯ ಅಮೆರಿಕ ಮೂಲದ ಕಳ್ಳಿ ಜಾತಿಯ ಗಿಡ. ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ಸುಮಾರು 3,700 ಮೀಟರ್‌ಗಿಂತ ಮೇಲೆ ಬೆಳೆಯುತ್ತದೆ. ದೂರದಿಂದ ದಳಗಳಂತೆ ಕಾಣುವುದು ನಸುಹಳದಿ ಕಾಗದದಂಥ ಎಲೆಗಳು. ನಿಜವಾದ ಹೂಗಳು ಅದರೊಳಗೆ ನೇರಳೆ ಬಣ್ಣದ ಸಣ್ಣ ಗೊಂಚಲಾಗಿ ಅಡಗಿರುತ್ತವೆ. ಆ ಹೊದಿಕೆ ಪುಟ್ಟ ಗಾಜಿನಮನೆಯಂತೆ ಒಳಗಿನ ಹೂವನ್ನು ಚಳಿಯಿಂದ ಕಾಯುತ್ತದೆ. ಅದು ರಾತ್ರಿಯಷ್ಟೇ ಅರಳಿ ಮುಗಿಯುವ ಹೂವಲ್ಲ, ಹಗಲಲ್ಲೇ ಕಾಣಸಿಗುತ್ತದೆ. ಅದನ್ನು ನೋಡಬೇಕೆಂದರೆ ಕಣಿವೆಯ ತಳದಲ್ಲಿ ಹುಡುಕಬೇಡಿ. ಆಗಸ್ಟ್‌ನಲ್ಲಿ ಹೇಮಕುಂಡದ ದಾರಿಯ ಕೊನೆಯ ತಿರುವುಗಳಲ್ಲಿ, ಬಂಡೆಗಳ ನಡುವೆ ನೋಡಿ. ಕೀಳಬೇಡಿ, ಫೋಟೊ ಸಾಕು.